ನೀರಿಗೊಂದು ಹಗೇವು

ಶ್ರಾವಣದ ತುಂಬುಹೊಳೆಯಲ್ಲಿ ಗೋಕಾಕದ ಜಲಪಾತವನ್ನು ನೋಡದವರು ಬೆಳಗಾವಿ ಜಿಲ್ಲೆಯನ್ನು ಅರ್ಧವೇ ನೋಡಿದಂತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ೨೦೨೪ನೆಯ ಇಸವಿಯ ಶ್ರಾವಣದಲ್ಲಿ ಉಳಿದ ಅರ್ಧವನ್ನೂ ನೋಡಿ ಮುಗಿಸುವ ಯೋಗ ನಮಗೆ ಒದಗಿತು. ಆ ವರ್ಷ ಘಟಪ್ರಭೆಗೆ ಮಹಾಪೂರ ಬಂದು ಹೋಗಿದ್ದಿತು. ನದಿಯು ಮಣ್ಣಿನ ಬಣ್ಣವನ್ನು ಹೊತ್ತು, ಸುಮಾರು ೧೭೦ ಅಡಿಗಳ ಎತ್ತರದಿಂದ ಬಂಡೆಗಳ ಮೇಲೆ ಅಪ್ಪಳಿಸುತ್ತಿದ್ದಳು. ೧೮೮೫ರಲ್ಲಿ ಸ್ಥಾಪಿತವಾದ ನೂಲಿನ ಗಿರಣಿಯ ಕಟ್ಟಡಗಳು ದಂಡೆಯ ಮೇಲೆ ಆ ತುಂತುರಿನಲ್ಲಿ ನೆನೆಯುತ್ತ ನಿಂತಿದ್ದವು. ನಮ್ಮ ಬದಿಯಲ್ಲಿ ನಿಂತಿದ್ದ ರೈತನೊಬ್ಬನು, “ಇಷ್ಟು ನೀರು ನಮ್ಮ ಕಣ್ಣ ಮುಂದಽ ಹೋಗತೈತ್ರಿ, ಬ್ಯಾಸಗಿಯೊಳಗ ಒಂದು ಕೊಡಾ ಸಿಗೂದಿಲ್ಲ” ಎಂದನು. ಆ ಮಾತು ಪ್ರವಾಸದುದ್ದಕ್ಕೂ ನಮ್ಮ ಬೆನ್ನು ಬಿಡಲಿಲ್ಲ.

ನಾವು ಹೊರಟದ್ದು ಜಲಪಾತಕ್ಕಾಗಿ ಅಲ್ಲ. ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವದಕ್ಕಾಗಿ ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ ಹೊರಟವರು, ದಾರಿಯಲ್ಲಿ ನದಿಯ ಬೆನ್ನು ಹಿಡಿದು ಮೇಲಕ್ಕೆ ನಡೆದೆವು. ಜಲಪಾತದ ಮೇಲ್ಗಡೆ ಧೂಪದಾಳದಲ್ಲಿ ೧೮೯೭ರಲ್ಲಿ ಕಟ್ಟಿದ ಒಡ್ಡು ಇರುವದು. ಅಲ್ಲಿಂದ ಹೊರಡುವ ಕಾಲುವೆಯು ಬಯಲುಸೀಮೆಯ ಎಷ್ಟೋ ಹೊಲಗಳಿಗೆ ನೀರುಣಿಸಿತು. ಇನ್ನೂ ಮೇಲಕ್ಕೆ ಹೋದರೆ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ. ಅದರ ಧಾರಣಶಕ್ತಿ ೫೧ ಟಿ.ಎಂ.ಸಿ.; ಒಂದು ಟಿ.ಎಂ.ಸಿ. ಎಂದರೆ ೨,೮೦೦ ಕೋಟಿ ಲೀಟರಿಗೂ ಹೆಚ್ಚು. ಈ ಸಂಖ್ಯೆಯನ್ನು ಮನಸ್ಸು ಹಿಡಿಯಲಾರದು. ಆದರೂ ಅದರ ಅರ್ಥ ಸರಳವಾದುದು: ನಾಲ್ಕು ತಿಂಗಳು ಬೀಳುವ ನೀರನ್ನು ಹನ್ನೆರಡು ತಿಂಗಳು ಉಣ್ಣಬೇಕೆಂದು ಒಂದು ನಾಡು ಮಾಡಿಕೊಂಡ ಏರ್ಪಾಡು. ಹಾಗಾದರೆ ಒಂದು ಮನೆಯು ತನ್ನ ಹಿತ್ತಿಲಿಗಾಗಿ ಅದೇ ಏರ್ಪಾಡನ್ನು ಏಕೆ ಮಾಡಿಕೊಳ್ಳಬಾರದು? ಈ ಪ್ರಶ್ನೆಯು ಹಿಡಕಲ್ಲಿನಲ್ಲಿ ನಮಗೆ ಹೊಳೆಯಲಿಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ಅದು ಹೊಳೆದದ್ದು ಎರಡು ದಿನಗಳ ತರುವಾಯ, ಒಂದು ಒಣಗಿದ ಮಲ್ಲಿಗೆಯ ಬಳ್ಳಿಯ ಮುಂದೆ.

ಹುಕ್ಕೇರಿಯಲ್ಲಿ ಆದಿಲಶಾಹಿಗಳ ಕಾಲದ ಗುಮ್ಮಟಗಳನ್ನೂ, ಸಂಕೇಶ್ವರದಲ್ಲಿ ಶಂಕರಲಿಂಗನನ್ನೂ ದರ್ಶಿಸಿಕೊಂಡು ಮುಂದೆ ಸಾಗಿದೆವು. ಸಂಕೇಶ್ವರದ ಹಿರಣ್ಯಕೇಶಿಯು ಆಂಬೋಲಿಯ ಘಟ್ಟದಲ್ಲಿ ಹುಟ್ಟಿ, ಗಡಹಿಂಗ್ಲಜದ ಸೀಮೆಯನ್ನು ತಣಿಸಿ, ಇಲ್ಲಿ ಹಾಯ್ದು, ಮುಂದೆ ಘಟಪ್ರಭೆಯನ್ನು ಸೇರುವಳು. ಅಲ್ಲಿಂದ ನಿಪ್ಪಾಣಿಯ ಕಡೆಗೆ ಹೆದ್ದಾರಿ ಹಿಡಿದರೆ, ಸ್ತವನಿಧಿಯ ಜೈನಕ್ಷೇತ್ರವಿರುವ ತವಂದಿ ಘಟ್ಟಕ್ಕೆ ಮೊದಲೇ ಕಣಗಲಾ ಸಿಗುವದು. ಪುಣೆ ಬೆಂಗಳೂರುಗಳ ನಡುವೆ ಓಡಾಡುವ ಸಹಸ್ರಾವಧಿ ಜನರು ಈ ಊರಿನ ಫಲಕವನ್ನು ಓದುವಷ್ಟರಲ್ಲಿ ದಾಟಿ ಹೋಗುವರು. ೧೯೮೫ರಲ್ಲಿ ಇಲ್ಲಿ ಆರಂಭವಾದ ಹಿಂದೂಸ್ತಾನ ಲೇಟೆಕ್ಸ್ ಕಾರ್ಖಾನೆಯಿಂದ ಊರಿನ ಹೆಸರು ದೂರದವರಿಗೂ ಪರಿಚಿತವಾಯಿತು. ಸುತ್ತಲೂ ಕಬ್ಬು, ಸೋಯಾ, ಜೋಳ, ಶೇಂಗಾ. ಅಂಗಡಿಯಲ್ಲಿ ಕನ್ನಡ ಮರಾಠಿಗಳು ಅಕ್ಕತಂಗಿಯರಂತೆ ಒಂದೇ ಉಸಿರಿನಲ್ಲಿ ಕೂಡಿ ಆಡುವವು.

ತಂಗಿಯ ಮನೆಯ ಮುಂದೆ ಪಂಚಮಿಯ ಜೋಕಾಲಿ ಕಟ್ಟಿದ್ದಿತು. ಒಳಗಿನಿಂದ ಶೇಂಗಾ ಉಂಡಿಯ ವಾಸನೆ ಬರುತ್ತಲಿದ್ದಿತು. ಆದರೆ ಆಕೆಯ ಮುಖದಲ್ಲಿ ತವರಿಗೆ ಹೊರಡುವ ಸಂಭ್ರಮ ಕಾಣಲಿಲ್ಲ. “ಈ ವಾರ ಬರಾಕ ಆಗೂದಿಲ್ಲ ಅಣ್ಣಾ. ಬೋರ ಹೊಡ್ಯಾಕ ಗಾಡಿ ಬರತೈತಿ” ಎಂದಳು. ಹಿತ್ತಿಲಿಗೆ ಹೋಗಿ ನೋಡಿದೆವು. ನಾಲ್ಕು ಮಲ್ಲಿಗೆಯ ಬಳ್ಳಿಗಳಲ್ಲಿ ಮೂರು ಮಳೆಗೆ ಚಿಗುರಿದ್ದವು. ನಾಲ್ಕನೆಯದು ಕಟ್ಟಿಗೆಯಾಗಿ ನಿಂತಿದ್ದಿತು. ನಿಂಬೆಯ ಅರ್ಧ ಕೊಂಬೆಗಳು ಬೋಳಾಗಿದ್ದವು. ಮೂಲೆಯಲ್ಲಿ ನಮ್ಮ ಭಾವನವರು ತಮ್ಮ ಕೈಯಿಂದಲೇ ನೆಟ್ಟ ತೆಂಗು. ಅವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಆ ಬೇಸಿಗೆಯಲ್ಲಿ ಅದು ಹೀಚುಗಳನ್ನೆಲ್ಲ ಉದುರಿಸಿ, ಕೆಳಗಿನ ಗರಿಗಳನ್ನು ಜೋಲುಬಿಟ್ಟಿದ್ದಿತು.

೨೦೨೩ರಲ್ಲಿ ಮುಂಗಾರು ಕೈಕೊಟ್ಟದ್ದು ವಾಚಕರಿಗೆ ನೆನಪಿರಬಹುದು. ರಾಜ್ಯದ ೨೩೬ ತಾಲೂಕುಗಳ ಪೈಕಿ ೨೨೩ ತಾಲೂಕುಗಳು ಬರಪೀಡಿತವೆಂದು ಸರಕಾರವು ಸಾರಿದ ವರ್ಷವದು. ತಂಗಿಯ ಹಿತ್ತಿಲಿನ ಬಾವಿಯು ಹಳೆಯದು. ಬೇಸಿಗೆಯಲ್ಲಿ ನೆರೆಯ ನಾಲ್ಕು ಮನೆಗಳವರೂ ಅಲ್ಲಿಗೇ ಕೊಡ ತರುವ ರೂಢಿ. ೨೦೨೪ರ ವೈಶಾಖದಲ್ಲಿ ಒಂದು ಮುಂಜಾವು ನೆರೆಮನೆಯ ಮುದುಕಿಯೊಬ್ಬಳು ಕೊಡವನ್ನು ಇಳಿಬಿಟ್ಟಳಂತೆ. “ಕೊಡಾ ಬರೇ ಕೆಸರ ತಂತು ಅಣ್ಣಾ. ಹಿಂದಿನ ದಿನಾ ಸಂಜೀಮುಂದ ನಾನಽ ಪೈಪ್ ಹಿಡದು ಗಿಡಕ್ಕ ನೀರ ಬಿಟ್ಟಿದ್ದೆ. ಆಕಿ ಒಂದ ಮಾತ ಆಡಲಿಲ್ಲ. ಆಡಿದ್ರ ಛಲೋ ಇತ್ತು” ಎಂದು ತಂಗಿಯು ಹೇಳಿದಳು. ಅಂದಿನಿಂದ ಆಕೆ ಮೋಟರು ಹಚ್ಚಲಿಲ್ಲ. ಗಿಡಗಳು ಒಣಗುವದನ್ನು ನೋಡುತ್ತ ಕುಳಿತಳು.

ಈ ಮಾತನ್ನು ಕೇಳಿ ನಮ್ಮ ತಲೆ ತಗ್ಗಿತು. ಏಕೆಂದರೆ ಕೆಲವು ವರ್ಷಗಳ ಹಿಂದೆ, ಕೊಡ ಹೊತ್ತು ಸೊಂಟ ನೋಯಿಸಿಕೊಳ್ಳಬೇಡವೆಂದು, ಆ ಬಾವಿಗೆ ಮೋಟರನ್ನು ಕೂಡಿಸಲು ಹೇಳಿದವರು ನಾವೇ. ಕೈಯಿಂದ ಸೇದುವಾಗ ಕೈಯೇ ಲೆಕ್ಕವನ್ನಿಡುವದು. ಇಪ್ಪತ್ತನೆಯ ಕೊಡಕ್ಕೆ ರಟ್ಟೆಯು ಸಾಕೆನ್ನುವದು. ಮೋಟರಿಗೆ ರಟ್ಟೆಯಿಲ್ಲ. ಅದು ತಳವನ್ನು ಮುಟ್ಟಿದ ಮೇಲೆಯೇ ನಿಲ್ಲುವದು.

ಸೋದರಳಿಯನಿಗೆ ತಾಯಿಯ ದುಃಖವನ್ನು ಬೇಗನೆ ನೀಗುವ ಆತುರ. “ಮಾಮಾ, ಎರಡ ದಿವ್ಸದ ಕೆಲಸ. ಬೋರ ಹೊಡಸಿದ್ರ ಬಾವಿ ತಂಟೇನ ಇರೂದಿಲ್ಲ” ಎಂದನು. ತೆಂಗಿನಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ನೀರು ತೋರಿಸುವವನೂ ಬಂದು, ಬಾವಿಯಿಂದ ಹದಿನೈದು ಹೆಜ್ಜೆಯ ಮೇಲೆ ಗುರುತು ಹಾಕಿ ಹೋಗಿದ್ದನು. ವರಾಹಮಿಹಿರನು ಆರನೆಯ ಶತಮಾನದಲ್ಲಿಯೇ ತನ್ನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವನ್ನು ಬರೆದು, ಗಿಡಮರ ಹುತ್ತಗಳ ಗುರುತಿನಿಂದ ಅಂತರ್ಜಲವನ್ನು ಅರಿಯುವ ಬಗೆಯನ್ನು ವಿವರಿಸಿರುವನು. ಆ ವಿದ್ಯೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಹದಿನೈದು ಹೆಜ್ಜೆಯಾಚೆ ಆಳಕ್ಕೆ ಕೊರೆದ ಬೋರು ಬಾವಿಯ ಸೆಲೆಯನ್ನೇ ಕೆಳಗಿನಿಂದ ಹೀರಲಾರದೆಂದು ಹೇಳುವವರು ಯಾರು? ಆಗ ಮುದುಕಿಯ ಕೊಡಕ್ಕೆ ಕೆಸರೂ ಸಿಗದು. ನಾವು ಅಳಿಯನಿಗೆ ಒಂದೇ ಪ್ರಶ್ನೆ ಕೇಳಿದೆವು: “ಈ ಹಿತ್ತಿಲಿಗೆ ದಿನಕ್ಕೆ ಎಷ್ಟು ನೀರು ಬೇಕಪ್ಪಾ?” ಅವನು ನಕ್ಕು, “ಎಷ್ಟಂದ್ರ? ಸಾಕಾಗುವಷ್ಟ” ಎಂದನು. ಆ ಸಾಕಾಗುವಷ್ಟು ಎಂದರೆ ಎಷ್ಟೆಂದು ತಿಳಿಯುವವರೆಗೆ ಗಾಡಿಯನ್ನು ತಡೆ ಎಂದು ಕೇಳಿಕೊಂಡೆವು. ಎಂಟು ದಿನಗಳ ಗಡುವು ಸಿಕ್ಕಿತು.

ನಮ್ಮ ಬಯಲುಸೀಮೆಯ ಹಿರಿಯರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಅವರು ನೆಲದಲ್ಲಿ ಹಗೇವು ತೋಡಿ, ಸುತ್ತಲೂ ಕಣಿಕೆಯನ್ನು ಹೊಂದಿಸಿ, ಜೋಳವನ್ನು ತುಂಬಿ, ಬಾಯಿ ಮುಚ್ಚಿ ಮಣ್ಣೆಳೆಯುತ್ತಿದ್ದರು. ಹಗೇವನ್ನು ತೋಡುವ ಮೊದಲು ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು, ಮುಂದಿನ ಸುಗ್ಗಿಗೆ ತಿಂಗಳುಗಳೆಷ್ಟು ಎಂಬದನ್ನು ಎಣಿಸುತ್ತಿದ್ದರು. ಬಾಯಿ ತೆಗೆದ ಮೇಲೆ ಕೊಳಗದಿಂದ ಅಳೆದೇ ಹೊರಗೆ ತೆಗೆಯುತ್ತಿದ್ದರು. ಹೊಲದ ರಾಶಿಯನ್ನು ನೋಡಿ ಉಣ್ಣುವವನು ಫಾಲ್ಗುಣದಲ್ಲಿ ಹಸಿಯುವನು. ಹಗೇವನ್ನು ನೋಡಿ ಉಣ್ಣುವವನು ಹಸಿಯನು. ನೀರಿಗೂ ಇದೇ ನ್ಯಾಯವೆಂದು ನಮಗೆ ತೋರಿತು. ಮಳೆಗಾಲದ ರಾಶಿ, ಬೇಸಿಗೆಯ ಬಾಯಿ, ನಡುವೆ ಒಂದು ಹಗೇವು, ತೆಗೆಯುವದಕ್ಕೆ ಒಂದು ಕೊಳಗ. ಮನೆಯ ಹಿತ್ತಿಲಿನ ನೀರಾವರಿಯ ಶಾಸ್ತ್ರವೆಲ್ಲವೂ ಈ ನಾಲ್ಕರಲ್ಲಿ ಅಡಗಿದೆ.

ಮೊದಲು ಬಾಯಿಗಳ ಲೆಕ್ಕ. ಬಿರುಬೇಸಿಗೆಯಲ್ಲಿ ಫಲ ಹಿಡಿದ ತೆಂಗಿಗೆ ದಿನಕ್ಕೆ ೫೦ ಲೀಟರು ಹಿಡಿದೆವು. ನಿಂಬೆಗೆ ೧೫, ಕರಿಬೇವಿಗೆ ೫, ನಾಲ್ಕು ಮಲ್ಲಿಗೆಗಳಿಗೆ ತಲಾ ೪ರಂತೆ ೧೬, ತುಳಸಿ ದಾಸವಾಳಗಳಿಗೆ ಕೂಡಿ ೪. ಇವು ೯೦ ಲೀಟರು. ಕಾಯಿಪಲ್ಯದ ಮಡಿಗಳು ೧೦ ಚದರ ಮೀಟರು. ಬೇಸಿಗೆಯ ಬಿಸಿಲಿಗೆ ಚದರ ಮೀಟರಿಗೆ ೫ ಲೀಟರು ಬೇಕಾಗುವದರಿಂದ ಅವು ೫೦ ಲೀಟರು. ಒಟ್ಟು ದಿನಕ್ಕೆ ೧೪೦. ಸ್ವಾತಿ ಮಳೆ ತೀರಿದ ಮೇಲೆ ಮಾಘದ ಕೊನೆಯವರೆಗೆ ಬಾವಿಯಲ್ಲಿ ನೀರಿರುವದು, ಗಿಡಗಳಿಗೆ ದಾಹವೂ ಕಡಿಮೆ. ಆದುದರಿಂದ ಶಿವರಾತ್ರಿಯಿಂದ ಮೃಗಶಿರ ಮಳೆಯವರೆಗಿನ ಸುಮಾರು ನೂರು ದಿನಗಳೇ ನಿಜವಾದ ಸಂಕಟಕಾಲ. ಮಳೆ ತಡವಾದರೆ ಇರಲೆಂದು ೧೧೦ ದಿನ ಹಿಡಿದೆವು. ೧೪೦ ಲೀಟರಿನಂತೆ ೧೫,೪೦೦ ಲೀಟರು ಬೇಕು.

ಅಷ್ಟು ದೊಡ್ಡ ತೊಟ್ಟಿಗೆ ಹಿತ್ತಿಲಿನಲ್ಲಿ ಸ್ಥಳವೂ ಇಲ್ಲ, ಕೈಯಲ್ಲಿ ಹಣವೂ ಇಲ್ಲ. ಆಗ ತಂಗಿಯೇ, “ಚೈತ್ರ ವೈಶಾಖದಾಗ ಪಲ್ಯಾ ಸಂತಿಯಿಂದ ತಂದ್ರ ಆತು. ಮಡಿ ಆರಲಿ” ಎಂದಳು. ಈ ಒಂದು ಮಾತಿನಿಂದ ದಿನಕ್ಕೆ ೯೦ ಲೀಟರು, ೧೧೦ ದಿನಗಳಿಗೆ ೯,೯೦೦ ಲೀಟರು ಸಾಕಾಯಿತು. ಸೊಪ್ಪನ್ನು ಮತ್ತೆ ಒಂದು ತಿಂಗಳಲ್ಲಿ ಬೆಳೆಯಬಹುದು, ತೆಂಗನ್ನು ಬೆಳೆಯಲಾಗದು. ನೀರು ಕಡಿಮೆಯಾದಾಗ ಮೊದಲು ಯಾರು ಉಪವಾಸವಿರಬೇಕೆಂಬದನ್ನು ನೀರಿರುವಾಗಲೇ ನಿಶ್ಚಯಿಸಿಡುವದು ಗೃಹಿಣಿಯ ವಿವೇಕ. ತೊಟ್ಟಿಯನ್ನು ಹಿಗ್ಗಿಸುವದಕ್ಕಿಂತ ಬಾಯಿಗಳನ್ನು ಕುಗ್ಗಿಸುವದು ಅಗ್ಗ.

ಎರಡನೆಯದು ರಾಶಿಯ ಲೆಕ್ಕ. ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರು ನೀರಾಗುವದು. ಮಕ್ಕಳಿಗೂ ತಿಳಿಯುವ ಈ ಸೂತ್ರವೊಂದು ಗೊತ್ತಿದ್ದರೆ ಯಾವ ಮನೆಯ ಲೆಕ್ಕವನ್ನೂ ಮಾಡಬಹುದು. ತಂಗಿಯ ಮನೆಯ ಸಿಮೆಂಟಿನ ಮಾಳಿಗೆ ಸಾವಿರ ಚದರಡಿ, ಅಂದರೆ ೯೩ ಚದರ ಮೀಟರು. ವರ್ಷಕ್ಕೆ ೬೦೦ ಮಿಲಿಮೀಟರು ಮಳೆಯೆಂದು ಲೆಕ್ಕಕ್ಕೆ ಹಿಡಿದು, ಮಾಳಿಗೆ ಹೀರುವ ಮತ್ತು ಸಿಡಿದು ಹೋಗುವ ಐದನೆಯ ಒಂದು ಪಾಲನ್ನು ಕಳೆದರೆ ೪೪,೬೪೦ ಲೀಟರು. ಬರಗಾಲದಲ್ಲಿ ಅದರ ಅರ್ಧವೇ ಬಿದ್ದರೂ ೨೨,೩೨೦. ನಮಗೆ ಬೇಕಾದುದರ ಇಮ್ಮಡಿಗೂ ಹೆಚ್ಚು! ಅಳಿಯನು ಈ ಲೆಕ್ಕವನ್ನು ತಾನೇ ಮೂರು ಸಲ ಮಾಡಿ ನೋಡಿದನು. ತಾನು ನೂರಾರು ಅಡಿ ಕೆಳಗೆ ಹುಡುಕ ಹೊರಟ ನೀರು ಪ್ರತಿವರ್ಷ ತನ್ನ ತಲೆಯ ಮೇಲಿಂದಲೇ ಗಟಾರಕ್ಕೆ ಹೋಗುತ್ತಿರುವದೆಂದು ಅವನಿಗೆ ಅಂದು ಮನದಟ್ಟಾಯಿತು. ಮರುದಿನ ಗಾಡಿಯವನಿಗೆ ಬರಬೇಡವೆಂದು ಹೇಳಿ ಬಂದನು.

ಮಳೆಯನ್ನು ಅಳೆಯುವ ಪಾತ್ರೆಯನ್ನೂ ಅಂಗಳದಲ್ಲಿಟ್ಟೆವು. ನೆಟ್ಟಗಿನ ಗೋಡೆಯ ಡಬ್ಬಿ, ಒಳಗೆ ಒಂದು ಅಳತೆಯ ಪಟ್ಟಿ, ಅದಕ್ಕೆ ಖರ್ಚಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಒಂದು ಮೊಳದ ಬಾಯಿಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇಡಬೇಕೆಂದು ವಿಧಿಸಿರುವನು. ಅದನ್ನು ಎಲ್ಲಿ ಇಡಬೇಕೆಂದನು ಗೊತ್ತೇ? ಧಾನ್ಯದ ಕೋಷ್ಠಾಗಾರದಲ್ಲಿ! ಕಾಳಿನ ಲೆಕ್ಕವೂ ನೀರಿನ ಲೆಕ್ಕವೂ ಒಂದೇ ಕೈಯಲ್ಲಿರಬೇಕೆಂಬದು ಆ ಆಚಾರ್ಯನಿಗೂ ಸಮ್ಮತವಾಗಿದ್ದಿತೆಂದು ತಿಳಿದು ನಮಗೆ ಧೈರ್ಯ ಬಂದಿತು.

ಮೂರನೆಯದು ಹಗೇವು. ಉದ್ದ ೮ ಅಡಿ, ಅಗಲ ೭ ಅಡಿ, ಆಳ ಆರೂವರೆ ಅಡಿಯ ನೆಲದೊಳಗಿನ ಟಾಕಿಯು ಹತ್ತು ಸಾವಿರ ಲೀಟರಿಗೆ ಸ್ವಲ್ಪ ಹೆಚ್ಚು ಹಿಡಿಯುವದು. ಊರಿನ ಗವಂಡಿಯು ಇಟ್ಟಿಗೆ ಸಿಮೆಂಟುಗಳಿಂದ ಕಟ್ಟಿ, ಒಳಗೆ ನೀರಿಳಿಯದ ಗಿಲಾವು ಮಾಡಿ, ಮೇಲೆ ಕಾಂಕ್ರೀಟಿನ ಹಾಸು ಹಾಕಿದನು. ಬೋರಿಗೆಂದು ತೆಗೆದಿಟ್ಟ ಹಣದೊಳಗೇ ಎಲ್ಲವೂ ಮುಗಿಯಿತು. ಬೆಳಕು ಒಳಗೆ ಹೋದರೆ ನೀರು ಪಾಚಿಗಟ್ಟುವದು; ಸಂದಿಯಿದ್ದರೆ ಸೊಳ್ಳೆಗಳು ಮೊಟ್ಟೆಯಿಡುವವು, ಡೆಂಗೀ ಜ್ವರಕ್ಕೆ ನಾವೇ ಮನೆ ಕಟ್ಟಿಕೊಟ್ಟಂತಾಗುವದು. ಆದುದರಿಂದ ಬಾಯಿಗೆ ಬಿಗಿಯಾದ ಮುಚ್ಚಳ, ಕೊಳವೆಗಳ ತುದಿಗೆ ಸಣ್ಣ ಜಾಲರಿ. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಕೀಲಿ ಹಾಕದೆ ಇರಲೇಬಾರದು.

ಮಾಳಿಗೆಯ ಮೊದಲ ನೀರು ಧೂಳು, ಎಲೆ, ಹಕ್ಕಿಯ ಹಿಕ್ಕೆಗಳ ಕಷಾಯ. ಮೊದಲ ಎರಡು ಮಿಲಿಮೀಟರು ಮಳೆಯನ್ನು ಹೊರಗೆ ಬಿಡಬೇಕು. ನಮ್ಮ ಮಾಳಿಗೆಗೆ ಅದು ೧೮೬ ಲೀಟರು. ಕೊಳವೆಯ ದಾರಿಯಲ್ಲಿ ೨೦೦ ಲೀಟರಿನ ಬ್ಯಾರಲ್ ಒಂದನ್ನು ಕೂಡಿಸಿದೆವು. ಮೊದಲ ನೀರು ಅದನ್ನು ತುಂಬುವದು, ತುಂಬಿದ ಮೇಲಿನದು ಮುಂದಿನ ಕೊಳವೆಗೆ ಹರಿಯುವದು. ಮಳೆ ನಿಂತ ಮೇಲೆ ಬ್ಯಾರಲಿನ ತಳದ ನಳವನ್ನು ಬಿಚ್ಚಿ ಖಾಲಿ ಮಾಡಬೇಕು. ಅಲ್ಲಿಂದ ಮುಂದೆ ಕಡಿ, ಇದ್ದಲಿ, ಉಸುಕುಗಳ ಥರ ಹಾಕಿದ ಸೋಸುವ ಡಬ್ಬ, ಆಮೇಲೆ ಟಾಕಿ. ಈ ನೀರು ಗಿಡಕ್ಕಾಗಿ, ಕುಡಿಯುವದಕ್ಕಲ್ಲವೆಂಬದನ್ನು ಮರೆಯಬಾರದು.

ಟಾಕಿ ತುಂಬಿದ ಮೇಲಿನ ನೀರಿಗೂ ಒಂದು ದಾರಿ ಬೇಕು. ಅದನ್ನು ಬಾವಿಯಿಂದ ಹತ್ತು ಅಡಿ ದೂರದಲ್ಲಿ ತೋಡಿ ಕಲ್ಲು ಕಡಿ ತುಂಬಿದ ಇಂಗುಗುಂಡಿಗೆ ಬಿಟ್ಟೆವು. ನೇರವಾಗಿ ಬಾವಿಗೆ ಬಿಡಬಾರದು. ನೆಲದ ಮೂಲಕ ಸೋಸಿಯೇ ಇಳಿಯಬೇಕು. ಪಾಯಖಾನೆಯ ಗುಂಡಿಯ ಬದಿಗಂತೂ ಇಂಗುಗುಂಡಿ ಸಲ್ಲದು. ಟಾಕಿಗೆ ಬೇಕಾದದ್ದು ಹತ್ತು ಸಾವಿರ ಲೀಟರು. ಉಳಿದದ್ದೆಲ್ಲವೂ ಬಾವಿಯ ಪಾಲು. ಇಷ್ಟು ವರ್ಷ ಮೋಟರು ತೆಗೆದುಕೊಂಡ ಸಾಲವನ್ನು ಮಾಳಿಗೆಯು ತೀರಿಸತೊಡಗಿತು.

ನಾಲ್ಕನೆಯದು ಕೊಳಗ, ಅಂದರೆ ಹನಿ ನೀರಾವರಿ. ಇಸ್ರೇಲಿನ ಸಿಂಹಾ ಬ್ಲಾಸ್ ಎಂಬ ಜಲತಜ್ಞನು, ಯಾರೂ ನೀರುಣಿಸದ ಮರವೊಂದು ಸೋರುವ ಕೊಳವೆಯ ಬದಿಯಲ್ಲಿ ಹುಲುಸಾಗಿ ಬೆಳೆದುದನ್ನು ಕಂಡು ಈ ಯುಕ್ತಿಯನ್ನು ಬೆಳೆಸಿದನೆಂದು ಹೇಳುವರು; ಹಾಟ್ಜೆರೀಮ್ ಎಂಬ ಮರುಭೂಮಿಯ ಸಹಕಾರಿ ಗ್ರಾಮವು ೧೯೬೫ರಲ್ಲಿ ಅದರ ಸಾಮಗ್ರಿಗಳನ್ನು ತಯಾರಿಸಲು ಆರಂಭಿಸಿತು. ನಮಗಾದರೋ ಹನಿಯ ಮಹಿಮೆಯು ಶಿವಾಲಯದಿಂದಲೇ ಪರಿಚಿತವಾದುದು. ಲಿಂಗದ ಮೇಲೆ ತೂಗುವ ಧಾರಾಪಾತ್ರೆಗೆ ಸಂಸ್ಕೃತದಲ್ಲಿ ಗಲಂತಿಕೆಯೆಂದು ಹೆಸರು. ವೈಶಾಖದ ಬಿಸಿಲಿನಲ್ಲಿ ತುಳಸಿಯ ಮೇಲೂ ತೂತಿನ ಗಡಿಗೆಯನ್ನು ತೂಗಬಿಡುವ ಪದ್ಧತಿ ಅನೇಕ ಮನೆಗಳಲ್ಲಿರುವದು. ಒಂದು ತಂಬಿಗೆಯನ್ನು ಒಮ್ಮೆಲೆ ಸುರಿದರೆ ನೀರು ಕಟ್ಟೆಯಿಂದ ಕೆಳಗಿಳಿಯುವದು. ಹನಿಹನಿಯಾಗಿ ಬಿಟ್ಟರೆ ಬೇರಿನಲ್ಲೇ ಉಳಿಯುವದು.

ಬಾವಿಯ ಮೇಲಿದ್ದ ಮೋಟರನ್ನು ಕಿತ್ತು ಟಾಕಿಗೆ ಕೂಡಿಸಿದೆವು. ಬಾವಿಗೆ ಮತ್ತೆ ಗಾಲಿ ಹಗ್ಗಗಳು ಬಂದವು. ಐದು ಅಡಿ ಎತ್ತರದ ಕಟ್ಟೆಯ ಮೇಲೆ ೨೦೦ ಲೀಟರಿನ ಇನ್ನೊಂದು ಬ್ಯಾರಲ್ಲನ್ನು ಇಟ್ಟು, ಎರಡು ದಿನಕ್ಕೊಮ್ಮೆ ೧೮೦ ಲೀಟರನ್ನು ಟಾಕಿಯಿಂದ ಏರಿಸುವದು. ಅಲ್ಲಿಂದ ತನ್ನ ಭಾರದಿಂದಲೇ ನೀರು ಇಳಿದು ದಿನಕ್ಕೆ ಅರ್ಧದಂತೆ ಗಿಡಗಳಿಗೆ ಹೋಗುವದು. ಬ್ಯಾರಲ್ಲಿಗೆ ಅರ್ಧದ ಗುರುತು ಹಾಕಿದೆವು. ಅದೇ ನಮ್ಮ ಕೊಳಗ. ಗಡಿಯಾರವನ್ನು ನೋಡದೆ ಗುರುತನ್ನು ನೋಡಿ ನಳವನ್ನು ಮುಚ್ಚಬೇಕು.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಅಂಗಡಿಯಲ್ಲಿ ಗಂಟೆಗೆ ೪ ಲೀಟರಿನದೆಂದು ಕೊಟ್ಟ ಡ್ರಿಪ್ಪರುಗಳನ್ನು ಒಂದೇ ಸಾಲಿನಲ್ಲಿ ಎಲ್ಲ ಗಿಡಗಳಿಗೂ ಚುಚ್ಚಿ, ಸಮಾಧಾನದಿಂದ ಕುಳಿತೆವು. ತಂಗಿಯು ಪ್ರತಿಯೊಂದು ಡ್ರಿಪ್ಪರಿನ ಕೆಳಗೆ ಒಂದೊಂದು ಬಟ್ಟಲನ್ನಿಟ್ಟಳು. ಒಂದು ಗಂಟೆಯ ಮೇಲೆ ನೋಡಿದರೆ ತಗ್ಗಿನಲ್ಲಿದ್ದ ಮಲ್ಲಿಗೆಯ ಬಟ್ಟಲು ತುಂಬಿ ಚೆಲ್ಲಿದ್ದಿತು. ಸಾಲಿನ ಕೊನೆಗೆ ದಿಬ್ಬದ ಮೇಲಿದ್ದ ತೆಂಗಿನ ಬಟ್ಟಲಿನಲ್ಲಿ ತಳ ಮುಚ್ಚುವಷ್ಟು ನೀರು! ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಅದಕ್ಕೇ ನೀರಿಲ್ಲ. ಆ ಡ್ರಿಪ್ಪರುಗಳ ಅಳತೆಯು ಹತ್ತು ಮೀಟರು ಎತ್ತರದ ನೀರಿನ ಒತ್ತಡಕ್ಕೆ ಹೇಳಿದ್ದು. ಐದು ಅಡಿಯ ಕಟ್ಟೆಯಿಂದ ಇಳಿಯುವಾಗ ಅವು ಹೇಳಿದ್ದರ ಐದರಲ್ಲಿ ಎರಡು ಪಾಲನ್ನಷ್ಟೇ ಕೊಡುವವು. ಅದರಲ್ಲಿಯೂ ತಗ್ಗಿಗೆ ಹೆಚ್ಚು, ದಿಬ್ಬಕ್ಕೆ ಕಡಿಮೆ. ಇದು ಹಳಬರಿಗೆ ತಿಳಿಯದ ವಿಷಯವಲ್ಲ. ವಿಜಯಪುರದಲ್ಲಿ ೧೬೫೧ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರನ್ನು ನಗರಕ್ಕೆ ತರುವಾಗ, ಒತ್ತಡವನ್ನು ಹತೋಟಿಯಲ್ಲಿಡಲು ದಾರಿಯಲ್ಲಿ ಜಲಗೋಪುರಗಳನ್ನೇ ಕಟ್ಟಿದರು. ನಮ್ಮ ಸಣ್ಣ ಹಿತ್ತಿಲಿಗೆ ಗೋಪುರ ಬೇಡವಾಯಿತು. ತೆಂಗಿಗೆ ಬೇರೆಯೇ ಸಾಲು, ಬೇರೆಯೇ ವಾಲ್ವು ಹಾಕಿದೆವು. ಬುಡದಿಂದ ಮೂರಡಿ ದೂರದಲ್ಲಿ ಸುತ್ತಲೂ ೮ ಲೀಟರಿನ ನಾಲ್ಕು ಡ್ರಿಪ್ಪರುಗಳನ್ನಿಟ್ಟೆವು. ಅವು ಕೂಡಿ ಗಂಟೆಗೆ ೧೨ ಲೀಟರಿನಷ್ಟು ಕೊಡತೊಡಗಿದವು. ಬ್ಯಾರಲ್ ತುಂಬಿರುವಾಗ ಮೊದಲು ತೆಂಗಿನ ಸಾಲನ್ನು ಬಿಡುವದು, ನಾಲ್ಕು ಗಂಟೆಯ ಮೇಲೆ ಮಿಕ್ಕ ಸಾಲನ್ನು ಬಿಡುವದು. ವಾಚಕರು ನಮ್ಮ ಮಾತನ್ನೂ ನಂಬಬಾರದು, ಅಂಗಡಿಯವನ ಮಾತನ್ನೂ ನಂಬಬಾರದು, ಬಟ್ಟಲನ್ನು ನಂಬಬೇಕು.

ಉಳಿದ ಉಪಚಾರಗಳು ಸಣ್ಣವು. ಬುಡಗಳಿಗೆ ಕಬ್ಬಿನ ರವದಿಯ ಹೊದಿಕೆ ಹಾಕಿದರೆ ಬಿಸಿಲು ನೆಲದ ತೇವವನ್ನು ಬೇಗ ಹೀರದು. ವಾರಕ್ಕೊಮ್ಮೆ ಸಾಲುಗಳ ತುದಿಯನ್ನು ಬಿಚ್ಚಿ ಕೆಸರನ್ನು ಹೊರಗೆ ಬಿಡಬೇಕು. ಬ್ಯಾರಲಿನ ಬಾಯಲ್ಲಿ ಜಾಲರಿಯಿರಬೇಕು. ಬೋರಿನ ಸವಳು ನೀರಾದರೆ ಡ್ರಿಪ್ಪರಿನ ಕಣ್ಣು ಸುಣ್ಣಗಟ್ಟಿ ಮುಚ್ಚುವದು. ಮಳೆಯ ನೀರಿನಲ್ಲಿ ಆ ಬಾಧೆಯಿಲ್ಲ. ಅಳಿಲುಗಳು ಬಾಯಾರಿ ಕೊಳವೆಯನ್ನು ಕಡಿಯುವವು. ತಂಗಿಯು ತೆಂಗಿನ ಕೆಳಗ ಒಂದು ಬೋಗುಣಿಯಲ್ಲಿ ನೀರಿಟ್ಟ ಮೇಲೆ ಆ ಉಪದ್ರವ ಬಹಳ ಮಟ್ಟಿಗೆ ಕಡಿಮೆಯಾಯಿತು. ಅವಕ್ಕೂ ಲೆಕ್ಕದಲ್ಲಿ ಒಂದು ಬಾಯಿ ಹಿಡಿಯಬೇಕಾಗಿದ್ದಿತು, ನಾವು ಮರೆತಿದ್ದೆವು.

ಹಸ್ತ ಮಳೆ ಕೂಡುವ ಹೊತ್ತಿಗೆ ಟಾಕಿ ಸಿದ್ಧವಾಯಿತು. ಅದು ತುಂಬುವದಕ್ಕೆ ೧೩೪ ಮಿಲಿಮೀಟರು ಮಳೆ ಬೇಕು. ಹಸ್ತ, ಚಿತ್ತೆ, ಸ್ವಾತಿಗಳು ಕೂಡಿ ಅದನ್ನು ತುಂಬಿಸಿದವು. ೨೦೨೫ರ ಶಿವರಾತ್ರಿಯ ದಿವಸ, ಗುಡಿಯಲ್ಲಿ ಅಭಿಷೇಕ ಮುಗಿಸಿಕೊಂಡು ಬಂದು, ತಂಗಿಯು ಹಗೇವಿನ ಬಾಯಿ ತೆಗೆದಳು.

ವೈಶಾಖದಲ್ಲಿ ನಾವು ಮತ್ತೆ ಕಣಗಲಾಕ್ಕೆ ಹೋದೆವು. ತೆಂಗಿನಲ್ಲಿ ಹೊಸ ಹೊಂಬಾಳೆ ಒಡೆದಿದ್ದಿತು. ಒಣಗಿದ ಮಲ್ಲಿಗೆಯ ಸ್ಥಳದಲ್ಲಿ ಬೇರೊಂದು ಬಳ್ಳಿ ಹಬ್ಬುತ್ತಲಿದ್ದಿತು. ಮುಂಜಾವಿನಲ್ಲಿ ಗಾಲಿಯ ಸದ್ದಿಗೆ ಎಚ್ಚರವಾಗಿ ಹೊರಗೆ ಬಂದು ನೋಡಿದರೆ, ನೆರೆಮನೆಯ ಮುದುಕಿಯು ಕೊಡವನ್ನು ಮೇಲೆಳೆಯುತ್ತಿದ್ದಳು. ಹಗ್ಗದ ಮತ್ತೊಂದು ತುದಿಗೆ ತಂಗಿಯೂ ಕೈ ಹಚ್ಚಿದ್ದಳು. ಕೊಡ ತುಂಬಿದ್ದಿತು, ನೀರು ತಿಳಿಯಾಗಿದ್ದಿತು. ಅವರಿಬ್ಬರೂ ಮಾತನಾಡುತ್ತಿದ್ದರು. ಯಾವ ಮಾತೆಂದು ನಮಗೆ ಕೇಳಿಸಲಿಲ್ಲ. ಆದರೆ ಆಡುತ್ತಿದ್ದರೆಂಬದೇ ನಮಗೆ ಸಾಕಾಯಿತು.

ಸತ್ಯವನ್ನು ಮುಚ್ಚಿಡಬಾರದು. ೨೦೨೫ರಲ್ಲಿ ಮುಂಗಾರು ಅವಸರ ಮಾಡಿತು. ಮೇ ೨೪ಕ್ಕೇ ಅದು ಕೇರಳವನ್ನು ಮುಟ್ಟಿತು. ಅದಕ್ಕೂ ಮೊದಲೇ ನಮ್ಮ ಕಡೆ ಅಡ್ಡಮಳೆಗಳು ಸುರಿದವು. ಆಗ ಟಾಕಿಯಲ್ಲಿ ಇನ್ನೂ ಒಂದು ಮೊಳ ನೀರಿದ್ದಿತು. ಆದುದರಿಂದ ನಮ್ಮ ಹಗೇವಿನ ಪರೀಕ್ಷೆ ಪೂರ್ಣವಾಯಿತೆಂದು ಹೇಳಲಾರೆವು. ಬಾವಿಯಲ್ಲಿ ನೀರು ಉಳಿದದ್ದು ಇಂಗುಗುಂಡಿಯ ಪುಣ್ಯವೋ, ಹಿಂದಿನ ವರ್ಷದ ಒಳ್ಳೆಯ ಮಳೆಯ ಪುಣ್ಯವೋ, ಮೋಟರನ್ನು ಕಿತ್ತದ್ದರ ಪುಣ್ಯವೋ ಎಂದು ಒಂದು ವರ್ಷದ ಅನುಭವದಿಂದ ವಿಭಾಗಿಸಲಾಗದು. ಬರಗಾಲವು ಮತ್ತೆ ಬಂದೇ ಬರುವದು. ಅದೇ ನಿಜವಾದ ಪರೀಕ್ಷಕ. ಆದರೆ ಅದು ಬರುವಾಗ ತಂಗಿಯು ತನ್ನ ಹಿತ್ತಿಲಿನ ಬಾಯಿಗಳೆಷ್ಟೆಂಬದನ್ನು ಬಲ್ಲಳು, ಯಾವುದನ್ನು ಬಿಡಬೇಕು ಯಾವುದನ್ನು ಉಳಿಸಬೇಕೆಂಬದನ್ನೂ ಬಲ್ಲಳು.

ಗೋಕಾಕದ ಜಲಪಾತದ ಬಳಿ ಆ ರೈತನಾಡಿದ ಮಾತಿಗೆ ಉತ್ತರ ನಮಗೆ ಅಂದು ತೋಚಿರಲಿಲ್ಲ. ಕಣ್ಣ ಮುಂದೆ ಹೋಗುವ ನದಿಯನ್ನು ನಿಲ್ಲಿಸುವ ಶಕ್ತಿ ಒಬ್ಬ ಮನುಷ್ಯನಿಗಿಲ್ಲ. ಆದರೆ ತನ್ನ ಮಾಳಿಗೆಯಿಂದ ಇಳಿಯುವ ನೀರನ್ನು ತನ್ನ ಅಂಗಳದಲ್ಲಿ ನಿಲ್ಲಿಸುವದು, ನಿಂತದ್ದನ್ನು ಅಳೆದು ಉಣ್ಣುವದು, ಮಿಕ್ಕದ್ದನ್ನು ನೆರೆಯವರ ಕೊಡಕ್ಕಾಗಿ ನೆಲದಲ್ಲಿಡುವದು ಯಾವ ಗೃಹಸ್ಥನಿಗೂ ಅಸಾಧ್ಯವಲ್ಲ. ವಾಚಕರು ಈ ಸಂಚಿಕೆಯನ್ನು ಮಡಿಚಿಟ್ಟ ಮೇಲೆ, ಒಂದು ಟೇಪನ್ನು ತೆಗೆದುಕೊಂಡು ತಮ್ಮ ಮಾಳಿಗೆಯ ಉದ್ದ ಅಗಲಗಳನ್ನು ಒಮ್ಮೆ ಅಳೆದು ನೋಡಲಿ. ಲೆಕ್ಕವು ತಾನಾಗಿಯೇ ಮುಂದೆ ನಡೆಯುವದು.

ಇತ್ಯಲಂ.